ಅಳಿವೆಯ ಹೆಸರಿನ ಗೋಲ್‌ಕೀಪರ್

ಕಳೆದ ಸಂಚಿಕೆಯಲ್ಲಿ ಪೆನಾಲ್ಟಿ ತಡೆಯುವ ಬಗೆಯನ್ನು ಹೇಳುವಾಗ ಜಪಾನಿನ ಕವಾಗುಚಿ ಯೊಶಿಕತ್ಸು ಅವರ ಹೆಸರು ಒಂದೇ ಸಾಲಿನಲ್ಲಿ ಬಂದುಹೋಗಿತ್ತು. ಅವರ ಬಗ್ಗೆ ಇನ್ನಷ್ಟು ಬರೆಯಿರಿ ಎಂದು ಅನೇಕ ಓದುಗರು ಕೇಳಿದ್ದಾರೆ. ಈ ಸಲದ ಅಂಕಣ ಪೂರ್ತಿ ಅವರಿಗೇ ಮೀಸಲು. ನಡುವೆ ಗೋಲ್‌ಕೀಪಿಂಗ್ ಕಲಿಯುವವರ ಪ್ರಶ್ನೆಗಳೂ ಇವೆ.

ಪ್ರಶ್ನೆ: ಕವಾಗುಚಿ, ಕವಾಶಿಮಾ ಇಬ್ಬರೂ ಒಬ್ಬರೇನಾ? ನಾನು ಟಿ.ವಿ.ಯಲ್ಲಿ ಮೂರು ವಿಶ್ವಕಪ್ ಸತತವಾಗಿ ಜಪಾನ್ ಗೋಲಿನಲ್ಲಿ ನೋಡಿದವರು ಯಾರು? (ಕುಂದಾಪುರ)

ಇಬ್ಬರೂ ಬೇರೆ. ನೀವು 2010, 2014, 2018ರಲ್ಲಿ ನೋಡಿದ್ದು ಕವಾಶಿಮಾ ಎಯ್ಜಿ ಅವರನ್ನು. ಕವಾಗುಚಿ ಅವರಿಗಿಂತ ಹಿಂದಿನವರು, ಸುಮಾರು ಎಂಟು ವರ್ಷ ದೊಡ್ಡವರು. 1998 ಮತ್ತು 2006ರ ವಿಶ್ವಕಪ್‌ಗಳಲ್ಲಿ ಜಪಾನಿನ ಎಲ್ಲ ಪಂದ್ಯಗಳಿಗೂ ಗೋಲು ಕಾದವರು ಅವರೇ.

ಹೆಸರು ಗೊಂದಲವಾಗುವುದು ಸಹಜ. ಜಪಾನಿ ಭಾಷೆಯಲ್ಲಿ ‘ಕವ’ ಎಂದರೆ ಹೊಳೆ, ‘ಕುಚಿ’ ಎಂದರೆ ಬಾಯಿ. ಎರಡೂ ಸೇರಿದಾಗ ಕಕಾರ ಗಕಾರವಾಗುತ್ತದೆ, ನಮ್ಮ ಮಳೆ, ಕಾಲ ಸೇರಿ ಮಳೆಗಾಲ ಆಗುವ ಹಾಗೆಯೇ. ಕವಾಗುಚಿ ಎಂದರೆ ಹೊಳೆಯ ಬಾಯಿ, ನಿಮ್ಮ ಕಡೆಯ ಮಾತಿನಲ್ಲಿ ಅಳಿವೆ. ‘ಶಿಮಾ’ ಎಂದರೆ ದ್ವೀಪ, ಹಾಗಾಗಿ ಕವಾಶಿಮಾ ಎಂದರೆ ಕುದ್ರು. ಗಂಗೊಳ್ಳಿ ಅಳಿವೆಯನ್ನೂ ಅಲ್ಲಿನ ಕುದ್ರುಗಳನ್ನೂ ಕಂಡವರು ನೀವು, ಇನ್ನು ಮರೆಯಲಾರಿರಿ. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಯೊಶಿಕತ್ಸು ಎಂಬುದು ಅವರಿಗೆ ಇಟ್ಟ ಹೆಸರು.

ಪ್ರಶ್ನೆ: ಅವರ ಊರು, ಆಡಿದ ಕ್ಲಬ್‌ಗಳು, ದೇಶಕ್ಕಾಗಿ ಆಡಿದ ಪಂದ್ಯಗಳ ವಿವರ ಕೊಡಿ. (ಹುಬ್ಬಳ್ಳಿ)

ಹುಟ್ಟಿದ್ದು 1975ರ ಆಗಸ್ಟ್ 15ರಂದು, ಶಿಜುವೊಕಾ ಪ್ರಾಂತ್ಯದ ಫುಜಿ ಪಟ್ಟಣದಲ್ಲಿ. ಫುಜಿ ಪರ್ವತದ ಬುಡದಲ್ಲಿರುವ, ನಮ್ಮ ದಾಂಡೇಲಿಯಂತೆ ಕಾಗದ ಕಾರ್ಖಾನೆಗೆ ಹೆಸರಾದ ಊರು ಅದು. ಶಿಜುವೊಕಾವನ್ನು ಜಪಾನಿನವರು ‘ಫುಟ್‌ಬಾಲ್ ಸಾಮ್ರಾಜ್ಯ’ ಎಂದೇ ಕರೆಯುತ್ತಾರೆ. ಅಲ್ಲಿನ ಪ್ರೌಢಶಾಲೆಗಳ ನಡುವಿನ ಪೈಪೋಟಿ ಅಷ್ಟು ಬಿರುಸು. ಕವಾಗುಚಿ ಓದಿದ ಶಿಮಿಜು ವಾಣಿಜ್ಯ ಪ್ರೌಢಶಾಲೆ 1994ರ ಜನವರಿಯಲ್ಲಿ ಅಖಿಲ ಜಪಾನ್ ಶಾಲಾ ಚಾಂಪಿಯನ್‌ಷಿಪ್ ಗೆದ್ದಿತು.

ಅದೇ ವರ್ಷ ಯೊಕೊಹಾಮಾ ಮರಿನೋಸ್ ಸೇರಿದರು. ಜಪಾನಿನ ವೃತ್ತಿಪರ ಲೀಗ್ ಆದ ಜೆ ಲೀಗ್ ಶುರುವಾಗಿ ಆಗಿನ್ನೂ ಒಂದೇ ವರ್ಷ. ಮರಿನೋಸ್ ಗೋಲಿನಲ್ಲಿ ಆಗ ಇದ್ದವರು ರಾಷ್ಟ್ರೀಯ ತಂಡದ ಗೋಲ್‌ಕೀಪರ್ ಮತ್ಸುನಾಗಾ ಶಿಗೆತತ್ಸು. ಅವರ ಜಾಗವನ್ನು 19 ವರ್ಷದ ಹುಡುಗ 1995ರಲ್ಲಿ ಪಡೆದ, ತಂಡ ಆ ವರ್ಷ ಲೀಗ್ ಗೆದ್ದಿತು, ವರ್ಷದ ಹೊಸ ಆಟಗಾರ ಪ್ರಶಸ್ತಿಯೂ ಅವನಿಗೇ ಬಂತು. ಮುಂದೆ 2001ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್, 2003ರಲ್ಲಿ ಡೆನ್ಮಾರ್ಕಿನ ನೋರ್ಡ್‌ಶೆಲ್ಲಾನ್, 2005ರಿಂದ 2013ರವರೆಗೆ ಜುಬಿಲೊ ಇವಾಟಾ, ಆಮೇಲೆ ಎಫ್‌ಸಿ ಗಿಫು, ಕೊನೆಗೆ ಮೂರನೇ ದರ್ಜೆಯ ಸಗಮಿಹಾರಾ. 2018ರ ಕೊನೆಗೆ, 43ನೇ ವಯಸ್ಸಿನಲ್ಲಿ ನಿವೃತ್ತಿ. ಜುಬಿಲೊ ಎಂಬುದು ಯಮಹಾ ಮೋಟಾರ್ ಕಂಪನಿಯ ಕಾರ್ಮಿಕರ ತಂಡವಾಗಿ ಹುಟ್ಟಿದ ಕ್ಲಬ್. ನಮ್ಮ ಊರುಗಳಲ್ಲಿ ಆರ್‌ಎಕ್ಸ್ 100 ಓಡಿಸಿದವರಿಗೆ ಇವಾಟಾ ಅಷ್ಟೇನೂ ದೂರದ ಊರಲ್ಲ.

ದೇಶಕ್ಕಾಗಿ 116 ಪಂದ್ಯ, 1997ರಿಂದ. ಜಪಾನಿನ ಯಾವ ಗೋಲ್‌ಕೀಪರೂ ಇಷ್ಟು ಆಡಿಲ್ಲ; ಕವಾಶಿಮಾ ಅವರದು 95. ನಾಲ್ಕು ವಿಶ್ವಕಪ್ ತಂಡಗಳಲ್ಲಿ ಸ್ಥಾನ, 2000 ಮತ್ತು 2004ರ ಏಷ್ಯಾ ಕಪ್ ಗೆಲುವುಗಳು. ಎತ್ತರ 180 ಸೆಂಟಿಮೀಟರ್, ಅಂದರೆ ಐದಡಿ ಹನ್ನೊಂದು ಅಂಗುಲದ ಆಸುಪಾಸು. ಈ ಕೊನೆಯ ಅಂಕಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪ್ರಶ್ನೆ: ಅವರು ಬೆಂಗಳೂರಿನಲ್ಲಿ ಆಡಿದ್ದಾರೆ ಎಂದು ನಮ್ಮ ಬೀದಿಯಲ್ಲಿ ಹಿರಿಯರು ಹೇಳುತ್ತಾರೆ. ನಿಜವೇ? (ಆಸ್ಟಿನ್ ಟೌನ್, ಬೆಂಗಳೂರು)

ನಿಜ. 2006ರ ಅಕ್ಟೋಬರ್ 11, ಕಂಠೀರವ ಕ್ರೀಡಾಂಗಣ, ಏಷ್ಯಾ ಕಪ್ ಅರ್ಹತಾ ಪಂದ್ಯ. ಭಾರತದ ಕೋಚ್ ಬಾಬ್ ಹೌಟನ್, ಜಪಾನಿನ ಕೋಚ್ ಇವಿಚಾ ಓಸಿಮ್. ಜಪಾನ್ 3–0ಯಿಂದ ಗೆದ್ದಿತು. ಬಾಂದೊ ರ್‍ಯೂಜಿ ಎರಡು, ನಕಾಮುರಾ ಕೆಂಗೊ ಒಂದು ಗೋಲು. ಓಸಿಮ್ ಕಾಲದಲ್ಲಿ ನಾಯಕನ ಪಟ್ಟಿ ಕವಾಗುಚಿ ತೋಳಿನಲ್ಲಿತ್ತು. ನಿಮ್ಮ ಬೀದಿಯ ಹಿರಿಯರು ಆ ದಿನ ಗ್ಯಾಲರಿಯಲ್ಲಿದ್ದರೆ, ಏಷ್ಯಾದ ಅತ್ಯುತ್ತಮ ಪೆನಾಲ್ಟಿ ತಡೆಗಾರರಲ್ಲಿ ಒಬ್ಬರನ್ನು ಹತ್ತಿರದಿಂದ ಕಂಡಿದ್ದಾರೆ. ಅವರ ಮಾತನ್ನು ಕೂತು ಕೇಳಿ.

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಬ್ರೆಜಿಲ್ ವಿರುದ್ಧ 28 ಹೊಡೆತ ತಡೆದರು ಎಂದು ಓದಿದೆ. ಅಷ್ಟು ಸಾಧ್ಯವೇ? ಬ್ರೆಜಿಲ್‌ನ್ನು ಸೋಲಿಸಿಯೂ ಜಪಾನ್ ಮುಂದಿನ ಸುತ್ತಿಗೆ ಹೋಗಲಿಲ್ಲವಂತೆ, ಹೇಗೆ? (ಮಂಗಳೂರು)

28 ಹೊಡೆತ ನಿಜ, ಆದರೆ ಅಷ್ಟನ್ನೂ ತಡೆದರು ಎನ್ನುವುದು ಸರಿಯಲ್ಲ. 1996ರ ಜುಲೈ 21ರಂದು ಮಯಾಮಿಯ ಆರೆಂಜ್ ಬೌಲ್ ಮೈದಾನದಲ್ಲಿ ಬ್ರೆಜಿಲ್ ಗೋಲಿನ ಕಡೆ ಹೊಡೆದದ್ದು ಒಟ್ಟು 28 ಸಲ. ಅದರಲ್ಲಿ ಹೊರಗೆ ಹೋದವು, ಡಿಫೆಂಡರ್‌ಗಳ ಮೈಗೆ ಬಡಿದವು, ಕವಾಗುಚಿ ಕೈಗೆ ಬಂದವು ಎಲ್ಲ ಸೇರಿವೆ. ಜಪಾನ್ ಹೊಡೆದದ್ದು ನಾಲ್ಕು. ಬ್ರೆಜಿಲ್ ತಂಡದಲ್ಲಿ ಬೆಬೆಟೊ, ರಿವಾಲ್ಡೊ, ರಾಬರ್ಟೊ ಕಾರ್ಲೋಸ್ ಇದ್ದರು. ಕವಾಗುಚಿಗೆ ಆಗಿನ್ನೂ 21 ತುಂಬಿರಲಿಲ್ಲ.

ಗೋಲು ಬಂದದ್ದು 72ನೇ ನಿಮಿಷದಲ್ಲಿ, ಅದೂ ಒಬ್ಬ ಗೋಲ್‌ಕೀಪರ್ ತಪ್ಪಿನಿಂದ. ಎಡಗಡೆಯಿಂದ ಉದ್ದದ ಚೆಂಡು ಬ್ರೆಜಿಲ್ ಪೆನಾಲ್ಟಿ ಪೆಟ್ಟಿಗೆಯೊಳಗೆ ಬಿತ್ತು. ಡಿಫೆಂಡರ್ ಅಲ್ದಾಯರ್ ಅತ್ತ ಓಡಿದರು, ಗೋಲ್‌ಕೀಪರ್ ದಿದಾ ಇತ್ತಿಂದ ಮುಂದೆ ಬಂದರು, ಇಬ್ಬರೂ ಡಿಕ್ಕಿ ಹೊಡೆದರು. ಚೆಂಡು ಖಾಲಿ ಗೋಲಿನತ್ತ ಉರುಳುತ್ತಿದ್ದಾಗ ಹಿಂದಿನಿಂದ ಓಡಿಬಂದ ಇತೊ ತೆರುಯೊಶಿ ತಳ್ಳಿದರು. ಗೋಲ್‌ಕೀಪಿಂಗ್ ಕಲಿಯುವ ಮಕ್ಕಳಿಗೆ ಈ ಗೋಲನ್ನು ತೋರಿಸಬೇಕು. ಗೋಲು ಬಿಟ್ಟು ಹೊರಡುವ ಮುನ್ನ ‘ಕೀಪರ್!’ ಎಂದು ಒಂದೇ ಸಲ, ಗಟ್ಟಿಯಾಗಿ ಕೂಗಬೇಕು. ತಡವಾಗಿ ಕೂಗಿದರೂ ಪ್ರಯೋಜನವಿಲ್ಲ, ಡಿಫೆಂಡರ್ ಅಷ್ಟರಲ್ಲಿ ಹೆಜ್ಜೆ ಇಟ್ಟಾಗಿರುತ್ತದೆ. ಅದೇ ಪಂದ್ಯದ ಇನ್ನೊಂದು ತುದಿಯಲ್ಲಿ ಕವಾಗುಚಿ 90 ನಿಮಿಷ ಈ ಕೆಲಸವನ್ನು ಗಂಟಲು ಹರಿಯುವಂತೆ ಮಾಡಿದರು. ಅವರ ಆ ದಿನದ ಆಟದ ಹಿರಿಮೆ ಬರೀ ಹಾರಾಟದಲ್ಲಿಲ್ಲ, ಎದುರಿಗಿದ್ದ ಡಿಫೆಂಡರ್‌ಗಳನ್ನು ಒಂದೊಂದು ಗಜವೂ ಕೂಗಿ ಸರಿಸಿದ್ದರಲ್ಲಿದೆ.

ಇನ್ನು ಲೆಕ್ಕ. ಜಪಾನ್ ಬ್ರೆಜಿಲ್‌ನ್ನು 1–0, ಹಂಗೆರಿಯನ್ನು 3–2 ಸೋಲಿಸಿ, ನೈಜೀರಿಯಾಕ್ಕೆ 0–2 ಸೋತಿತು. ಬ್ರೆಜಿಲ್, ನೈಜೀರಿಯಾ, ಜಪಾನ್ ಮೂವರಿಗೂ ತಲಾ ಆರು ಅಂಕ. ಗೋಲು ವ್ಯತ್ಯಾಸದಲ್ಲಿ ಬ್ರೆಜಿಲ್ ಮತ್ತು ನೈಜೀರಿಯಾಕ್ಕೆ ಎರಡೆರಡು ಹೆಚ್ಚು, ಜಪಾನಿಗೆ ಸೊನ್ನೆ. ಜಪಾನ್ ಮನೆಗೆ ಹೋಯಿತು, ನೈಜೀರಿಯಾ ಚಿನ್ನ ಗೆದ್ದಿತು. ಜಪಾನಿನಲ್ಲಿ ಇಂದಿಗೂ ಆ ಪಂದ್ಯಕ್ಕೆ ‘ಮಯಾಮಿಯ ಪವಾಡ’ ಎಂದೇ ಹೆಸರು.

ಪ್ರಶ್ನೆ: ಜೋರ್ಡಾನ್ ವಿರುದ್ಧದ ಶೂಟೌಟ್‌ನಲ್ಲಿ ಗೋಲು ಕಂಬಗಳನ್ನೇ ಬದಲಾಯಿಸಿದರಂತೆ! ನಡೆದದ್ದೇನು? ಪೆನಾಲ್ಟಿಯಲ್ಲಿ ಗೋಲ್‌ಕೀಪರ್ ನಿಜಕ್ಕೂ ಏನು ನೋಡಿ ಹಾರುತ್ತಾನೆ? (ಶಿವಮೊಗ್ಗ)

ಕಂಬ ಬದಲಾಯಿಸಲಿಲ್ಲ, ಮೈದಾನದ ತುದಿ ಬದಲಾಯಿಸಿದರು. 2004ರ ಜುಲೈ 31, ಚೀನಾದ ಚೊಂಗ್‌ಚಿಂಗ್, ಏಷ್ಯಾ ಕಪ್ ಕ್ವಾರ್ಟರ್‌ಫೈನಲ್. ಪಂದ್ಯ 1–1 ಸಮ, ಹಾಗಾಗಿ ಗೆಲುವಿನ ತೀರ್ಮಾನಕ್ಕೆ ತಲಾ ಐದು ಪೆನಾಲ್ಟಿ, ಆಗಲೂ ಸಮವಾದರೆ ಒಂದೊಂದೇ ಹೆಚ್ಚಿಗೆ; ಇದೇ ಶೂಟೌಟ್. ಗ್ಯಾಲರಿ ಪೂರ್ತಿ ಜಪಾನ್ ವಿರುದ್ಧ ಕೂಗುತ್ತಿತ್ತು. ಜಪಾನಿನ ಮೊದಲ ಹೊಡೆತ ನಕಾಮುರಾ ಶುನ್‌ಸುಕೆ ಅವರದು. ಚೆಂಡಿನ ಪಕ್ಕ ಊರಿದ ಬಲಗಾಲಿನ ಅಡಿಯ ಹುಲ್ಲುಹಾಸು ಕಿತ್ತು ಬಂತು, ಕಾಲು ಜಾರಿತು, ಚೆಂಡು ಕ್ರಾಸ್‌ಬಾರ್ ಮೇಲಿಂದ ಹಾರಿತು. ಎರಡನೆಯವರು ಅಲೆಕ್ಸ್ ಸಾಂಟೋಸ್. ಅವರೂ ಎಡಗಾಲಿನವರು, ಅವರಿಗೂ ಹಾಗೆಯೇ ಆಯಿತು. ಎಡಗಾಲಿನಲ್ಲಿ ಹೊಡೆಯುವವರೆಲ್ಲ ಬಲಗಾಲು ಊರುವುದು ಚೆಂಡಿನ ಬಲಕ್ಕೆ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಆ ಜಾಗ ಸಡಿಲವಾಗಿತ್ತು.

ನಾಯಕ ಮಿಯಾಮೊತೊ ತ್ಸುನೆಯಾಸು ಮಲೇಷ್ಯಾದ ರೆಫರಿ ಬಳಿ ಓಡಿ, ಇದು ನ್ಯಾಯವಲ್ಲ, ಇನ್ನೊಂದು ತುದಿಯಲ್ಲಿ ಮಾಡಿ ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡರು. ರೆಫರಿ ಒಪ್ಪಿದರು. ಎಲ್ಲರೂ ಮೈದಾನ ದಾಟಿ ನಡೆದರು. ಆ ನಡಿಗೆ ಕವಾಗುಚಿಗೆ ಉಸಿರು ಹದಕ್ಕೆ ತಂದುಕೊಳ್ಳಲು ಸಿಕ್ಕ ಸಮಯವೂ ಹೌದು.

ಮೂರು ಹೊಡೆತ ಮುಗಿದಾಗ ಜೋರ್ಡಾನ್ 3–1 ಮುಂದಿತ್ತು. ಜಪಾನ್ ನಾಲ್ಕನೆಯದನ್ನು ಗೋಲಾಗಿಸಿ 3–2 ಮಾಡಿತು. ಇಲ್ಲಿಂದ ಲೆಕ್ಕ ಹಾಕಿ. ಜೋರ್ಡಾನಿನ ನಾಲ್ಕನೇ ಹೊಡೆತ ಒಳಗೆ ಹೋದರೆ ಪಂದ್ಯ ಮುಗಿಯಿತು: ಕವಾಗುಚಿ ತಡೆದರು. ಜಪಾನ್ 3–3 ಮಾಡಿತು. ಐದನೆಯದು ಒಳಗೆ ಹೋದರೂ ಮುಗಿಯಿತು: ಅದು ಕಂಬದ ಹೊರಗೆ ಹೋಯಿತು. ಆರನೆಯದನ್ನು ಜಪಾನಿನ ನಕಜಾವಾ ಕಳೆದರು, ಮತ್ತೆ ಜೋರ್ಡಾನಿಗೆ ಗೆಲ್ಲುವ ಹೊಡೆತ: ಕವಾಗುಚಿ ಕೈ ತಾಗಿಸಿ ಕಳಿಸಿದರು. ಏಳನೆಯದನ್ನು ಮಿಯಾಮೊತೊ ಗೋಲಾಗಿಸಿದರು, ಜೋರ್ಡಾನಿನ ಏಳನೆಯದು ಕಂಬಕ್ಕೆ ಬಡಿಯಿತು. 4–3. ಸತತ ಮೂರು ಸಲ ಸೋಲಿನ ಹೊಸ್ತಿಲಲ್ಲಿ ನಿಂತು ವಾಪಸು ಬಂದ ತಂಡ ಮುಂದೆ ಬೀಜಿಂಗ್‌ನಲ್ಲಿ ಚೀನಾವನ್ನೇ 3–1ರಿಂದ ಸೋಲಿಸಿ ಕಪ್ ಎತ್ತಿತು.

ತುದಿ ಬದಲಾಯಿಸಲು ಈಗ ನಿಯಮ ಬಿಗಿ: ಗೋಲು ಅಥವಾ ನೆಲ ಬಳಸಲಾಗದಂತೆ ಆದರೆ, ಇಲ್ಲವೇ ಸುರಕ್ಷತೆಯ ಕಾರಣಕ್ಕೆ ಮಾತ್ರ.

ಇನ್ನು ಎರಡನೇ ಪ್ರಶ್ನೆ. ಗೋಲಿನ ಅಗಲ 7.32 ಮೀಟರ್, ಎತ್ತರ 2.44, ಚೆಂಡು ಇಡುವ ಚುಕ್ಕೆ 11 ಮೀಟರ್ ದೂರ. ಗಂಟೆಗೆ 100 ಕಿಲೋಮೀಟರ್ ವೇಗದ ಹೊಡೆತ 0.4 ಸೆಕೆಂಡಿನಲ್ಲಿ ಗೆರೆ ಮುಟ್ಟುತ್ತದೆ. ಕಣ್ಣು ಕಂಡದ್ದಕ್ಕೆ ಮೈ ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ಉಳಿದ 0.2ರಲ್ಲಿ ಮೂಲೆಗೆ ಹಾರಿ ತಲುಪಲು ಯಾರಿಂದಲೂ ಆಗದು. ಹಾಗಾಗಿ ಚೆಂಡು ನೋಡಿ ಹಾರುವುದಿಲ್ಲ, ಹೊಡೆಯುವವನನ್ನು ನೋಡಿ ಹಾರುತ್ತಾರೆ.

ಓಟ ಶುರುವಾಗುವ ಕೋನ ಮೊದಲ ಸುಳಿವು, ಆದರೆ ಅದನ್ನು ನಂಬಿ ಹೊರಡಬೇಡಿ. ಗಟ್ಟಿ ಸುಳಿವು ಊರುಗಾಲಿನದು. ಚೆಂಡಿನ ಪಕ್ಕ ಊರಿದ ಪಾದದ ಬೆರಳು ಯಾವ ಕಡೆ ತಿರುಗಿದೆಯೋ ಚೆಂಡು ಹೆಚ್ಚಾಗಿ ಅತ್ತಲೇ. ಅದರ ಜೊತೆಗೇ ಸೊಂಟ ನೋಡಿ: ಬಲಗಾಲಿನವನ ಸೊಂಟ ಚೆಂಡು ತಾಗುವ ಮುಂಚೆಯೇ ತೆರೆದುಕೊಂಡಿದ್ದರೆ ನಿಮ್ಮ ಎಡಕ್ಕೆ, ಮುಚ್ಚಿಕೊಂಡಿದ್ದರೆ ನಿಮ್ಮ ಬಲಕ್ಕೆ. ಊರುಗಾಲು ನೆಲ ಮುಟ್ಟಿದ ಕ್ಷಣ ನೀವು ಹೊರಡಬೇಕು. ಅದಕ್ಕೂ ಮೊದಲು ಹೊರಟರೆ ಒಳ್ಳೆಯ ಆಟಗಾರ ಕಾದು ಇನ್ನೊಂದು ಕಡೆ ಹಾಕುತ್ತಾನೆ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿ. ಹಾರುವಾಗ ಗೆರೆಗೆ ಸಮಾನಾಂತರವಾಗಿ ಹಾರದೆ ಸ್ವಲ್ಪ ಮುಂದಕ್ಕೆ ಓರೆಯಾಗಿ ಹಾರಿ. 2019ರಿಂದ ನಿಯಮವೂ ಇದಕ್ಕೆ ಅನುಕೂಲ: ಒದೆಯುವ ಹೊತ್ತಿಗೆ ಒಂದು ಪಾದದ ಒಂದಷ್ಟು ಭಾಗ ಗೆರೆಯ ಮೇಲಿದ್ದರೆ ಸಾಕು. ಕವಾಗುಚಿ ಕಾಲದಲ್ಲಿ ಈ ಸಡಿಲಿಕೆ ಇರಲಿಲ್ಲ, ಗೆರೆಯ ಮೇಲೆ ಪಕ್ಕಕ್ಕೆ ಸರಿಯಬಹುದಿತ್ತು ಅಷ್ಟೆ. ಅಷ್ಟರಲ್ಲೇ ಅವರು 2006ರ ವಿಶ್ವಕಪ್‌ನಲ್ಲಿ ಕ್ರೊವೇಷ್ಯಾದ ಸ್ರ್ನಾ ಅವರ ಪೆನಾಲ್ಟಿ ತಡೆದರು. 2007ರ ಏಷ್ಯಾ ಕಪ್‌ನಲ್ಲಿ ಹನೋಯಿಯಲ್ಲಿ ನಡೆದ ಶೂಟೌಟ್‌ನಲ್ಲಿ ಆಸ್ಟ್ರೇಲಿಯಾದ ಮೊದಲ ಎರಡು ಹೊಡೆತಗಳನ್ನು, ಕ್ಯುವೆಲ್ ಮತ್ತು ನೀಲ್ ಅವರವನ್ನು, ಒಂದರ ಹಿಂದೊಂದು ತಡೆದರು.

ಪ್ರಶ್ನೆ: ನನ್ನ ಎತ್ತರ 170 ಸೆಂ.ಮೀ., ವಯಸ್ಸು 18. ಗಿಡ್ಡನಾದ್ದರಿಂದ ಗೋಲ್‌ಕೀಪಿಂಗ್ ಬಿಡು ಎನ್ನುತ್ತಾರೆ. ಕವಾಗುಚಿ ಹೇಗೆ ನಿಭಾಯಿಸಿದರು? (ಮಡಿಕೇರಿ)

ದೊಡ್ಡ ವೃತ್ತಿಪರ ಕ್ಲಬ್‌ಗಳಲ್ಲಿ ಇಂದು 185ಕ್ಕಿಂತ ಕಡಿಮೆ ಇದ್ದವರನ್ನು ಆರಿಸುವುದು ವಿರಳ, ಇದನ್ನು ಮುಚ್ಚಿಡುವುದು ನಿಮಗೆ ಅನ್ಯಾಯ. ಈಗ ಜಪಾನ್ ಗೋಲು ಕಾಯುವ ಸುಜುಕಿ ಜಿಯಾನ್ 190. ಆದರೆ ಜಿಲ್ಲೆ, ಕಾಲೇಜು, ರಾಜ್ಯ ಮಟ್ಟದಲ್ಲಿ 170 ಎತ್ತರದ ಚುರುಕಾದ ಗೋಲ್‌ಕೀಪರಿಗೆ ಖಂಡಿತ ಜಾಗವಿದೆ. ಕವಾಗುಚಿಯಿಂದ ಕಲಿಯಬೇಕಾದ್ದು ಒಂದೇ: ಗೆರೆಯ ಮೇಲೆ ಅಂಟಿಕೊಂಡು ನಿಲ್ಲಬೇಡಿ.

ಕಾರಣ ಅಂಕಿಯಲ್ಲಿದೆ. ಎದುರಾಳಿ ಗೋಲಿನ ನೇರಕ್ಕೆ 11 ಮೀಟರ್ ದೂರದಲ್ಲಿದ್ದಾನೆ ಎನ್ನಿ. ನೀವು ಗೆರೆಯ ಮೇಲಿದ್ದರೆ ಪ್ರತಿ ಬದಿಗೆ 3.66 ಮೀಟರ್ ಕಾಯಬೇಕು. ಒಂದು ಮೀಟರ್ ಮುಂದೆ ಬಂದರೆ 3.33, ಎರಡು ಮೀಟರಿಗೆ 2.99, ಮೂರು ಮೀಟರಿಗೆ 2.66. ಅಂದರೆ ಮೂರು ಮೀಟರ್ ಮುಂದೆ ಬಂದ ಗಿಡ್ಡ ಗೋಲ್‌ಕೀಪರ್ ಗೆರೆಯ ಮೇಲಿನ ಎತ್ತರದವನಿಗಿಂತ ಪ್ರತಿ ಬದಿಗೆ ಒಂದು ಮೀಟರ್ ಕಡಿಮೆ ಕಾದರೆ ಸಾಕು. ಎತ್ತರದಲ್ಲಿ ಕಳೆದದ್ದಕ್ಕಿಂತ ಹೆಚ್ಚು ವಾಪಸು ಬಂತು.

ಇದಕ್ಕೆ ತೆರಬೇಕಾದದ್ದು ಸಮಯ. ಗಂಟೆಗೆ 90 ಕಿ.ಮೀ. ವೇಗದ ಚೆಂಡಿಗೆ ಗೆರೆ ತಲುಪಲು 0.44 ಸೆಕೆಂಡು ಬೇಕಾದರೆ, ಮೂರು ಮೀಟರ್ ಮುಂದಿರುವ ನಿಮ್ಮನ್ನು ತಲುಪಲು 0.32 ಸಾಕು. ಆದ್ದರಿಂದ ಚೆಂಡಿಗೆ ಕಾಲು ತಾಗುವ ಹೊತ್ತಿಗೆ ನೀವು ಓಡುತ್ತಿರಬಾರದು, ನಿಂತಿರಬೇಕು. ಹೀಗೆ ಅಭ್ಯಾಸ ಮಾಡಿ: ಎದುರಾಳಿ ಚೆಂಡನ್ನು ಮುಂದೆ ತಳ್ಳಿಕೊಂಡಾಗ, ಅದು ಅವನ ಕಾಲಿನಿಂದ ದೂರ ಇರುವಷ್ಟೂ ಹೊತ್ತು ಜೋರಾಗಿ ಮುಂದೆ ಬನ್ನಿ. ಅವನು ತಲೆ ತಗ್ಗಿಸಿ ಕಾಲು ಹಿಂದಕ್ಕೆ ಎತ್ತಿದ ತಕ್ಷಣ ಚಿಕ್ಕದೊಂದು ಕುಪ್ಪಳಿಕೆ ಹಾಕಿ ಎರಡೂ ಕಾಲಿನಲ್ಲಿ ಇಳಿಯಿರಿ. ಕಾಲುಗಳ ನಡುವೆ ಭುಜದಷ್ಟು ಅಂತರ, ಮಂಡಿ ಬಾಗಿರಲಿ, ಭಾರ ಮುಂಗಾಲಿನ ಮೇಲೆ, ಹಿಮ್ಮಡಿಯ ಅಡಿ ಒಂದು ಕಾಗದ ತೂರುವಷ್ಟು ಸಡಿಲ, ಕೈಗಳು ಸೊಂಟದ ಮುಂದೆ ಅಂಗೈ ತೆರೆದು. ತಪ್ಪುವುದು ಎಲ್ಲಿ ಅಂದರೆ ಕೊನೆಯ ಹೆಜ್ಜೆ ದೊಡ್ಡದಾಗುತ್ತದೆ. ಒಂದು ಕಾಲು ಗಾಳಿಯಲ್ಲಿರುವಾಗ ಹೊಡೆತ ಬಂದರೆ ಆ ಕಾಲಿನ ಕಡೆಗೆ ನೀವು ಹಾರಲಾರಿರಿ. ವಾರಕ್ಕೆ ಮೂರು ದಿನ, ದಿನಕ್ಕೆ 20 ಸಲ, ಚೆಂಡು ಹೊಡೆಯದೆ ಬರೀ ಬಂದು ನಿಲ್ಲುವುದನ್ನಷ್ಟೇ ಮಾಡಿ. ಗೆಳೆಯನಿಗೆ ಫೋನಿನಲ್ಲಿ ವಿಡಿಯೊ ತೆಗೆಯಲು ಹೇಳಿ, ಕಾಲು ತಾಗಿದ ಚೌಕಟ್ಟಿನಲ್ಲಿ ನಿಲ್ಲಿಸಿ ನೋಡಿ. ಎರಡೂ ಪಾದ ನೆಲದ ಮೇಲಿದ್ದರೆ ಸರಿ.

25–30 ಮೀಟರ್ ದೂರದ ಚೆಂಡಿಗೆ ಮಾತ್ರ ಹೀಗೆ ಮುಂದೆ ಬರಬೇಡಿ, ತಲೆಯ ಮೇಲಿಂದ ಎತ್ತಿ ಹಾಕುತ್ತಾರೆ.

ಪ್ರಶ್ನೆ: ಅಷ್ಟು ಒಳ್ಳೆಯವರಾಗಿದ್ದರೆ ಇಂಗ್ಲೆಂಡಿನಲ್ಲಿ ಯಾಕೆ ನಿಲ್ಲಲಿಲ್ಲ? 2006ರಲ್ಲಿ ಆಸ್ಟ್ರೇಲಿಯಾ ಎದುರು ಸೋತದ್ದೂ ಅವರಿಂದಲೇ ಅಲ್ಲವೇ? (ಕಲಬುರಗಿ)

ಎರಡಕ್ಕೂ ಒಂದೇ ಬೇರು. 2001ರ ಅಕ್ಟೋಬರಿನಲ್ಲಿ ಪೋರ್ಟ್ಸ್‌ಮತ್ 18 ಲಕ್ಷ ಪೌಂಡ್ ಕೊಟ್ಟು ಅವರನ್ನು ಕೊಂಡಿತು. ಆಗ ಅದು ಎರಡನೇ ದರ್ಜೆಯ ತಂಡ. ಆ ದರ್ಜೆಯಲ್ಲಿ ಪಂದ್ಯ ಅಂದರೆ ಪೆಟ್ಟಿಗೆಯೊಳಗೆ ಎತ್ತರದ ಚೆಂಡುಗಳ ಮಳೆ, ಗೋಲ್‌ಕೀಪರ್ ಮೈಮೇಲೆ ಬೀಳುವ ದಪ್ಪ ಸ್ಟ್ರೈಕರ್‌ಗಳು. ಮುಂದೆ ಬಂದು ಚೆಂಡು ಹಿಡಿಯುವ ಅವರ ಅಭ್ಯಾಸ ಆ ಗುಂಪಿನಲ್ಲಿ ಮುಳುಗಿತು. 2002ರ ಜನವರಿಯಲ್ಲಿ ಎಫ್‌ಎ ಕಪ್‌ನಲ್ಲಿ ತಮಗಿಂತ ಎರಡು ದರ್ಜೆ ಕೆಳಗಿನ ಲೇಟನ್ ಓರಿಯಂಟ್‌ಗೆ ತವರಿನಲ್ಲೇ 1–4 ಸೋತ ಮೇಲೆ ಜಾಗ ಹೋಯಿತು. ಆ ಬೇಸಿಗೆಯಲ್ಲಿ ಶಾಕಾ ಹಿಸ್ಲಾಪ್ ಬಂದರು, ಬಾಗಿಲು ಪೂರ್ತಿ ಮುಚ್ಚಿತು. 2002ರ ವಿಶ್ವಕಪ್ ಜಪಾನಿನಲ್ಲೇ ನಡೆದಾಗ ಕೋಚ್ ತ್ರುಸಿಯೆ ನರಜಾಕಿ ಸೆಯಿಗೊ ಅವರನ್ನು ಆಡಿಸಿದರು. ಕ್ಲಬ್ಬಿನಲ್ಲಿ ತಿಂಗಳುಗಟ್ಟಲೆ ಕೂತವರನ್ನು ಕರೆತಂದು ನಿಲ್ಲಿಸುವುದು ಯಾವ ಕೋಚಿಗೂ ಕಷ್ಟ.

ಆಸ್ಟ್ರೇಲಿಯಾ ಪಂದ್ಯ 2006ರ ಜೂನ್ 12ರದು, ಕೈಸರ್ಸ್‌ಲೌಟರ್ನ್‌ನಲ್ಲಿ. ಜಪಾನ್ 1–0 ಮುಂದಿತ್ತು, 84ನೇ ನಿಮಿಷದವರೆಗೂ. ಅಷ್ಟು ಹೊತ್ತು ಅದನ್ನು ಉಳಿಸಿದ್ದೂ ಕವಾಗುಚಿಯ ಕೈಗಳೇ. ಆಗ ನೀಲ್ ಉದ್ದದ ಥ್ರೋ ಎಸೆದರು. ಕೈಯಿಂದ ಎಸೆದ ಚೆಂಡು ಕಾಲಿನ ಕ್ರಾಸ್‌ಗಿಂತ ನಿಧಾನ; ಹೆಚ್ಚು ಹೊತ್ತು ಗಾಳಿಯಲ್ಲಿರುತ್ತದೆ, ಕಡಿದಾಗಿ ಇಳಿಯುತ್ತದೆ. ಬೇಗ ಹೊರಟ ಗೋಲ್‌ಕೀಪರ್ ದಾರಿಯಲ್ಲಿ ಆಟಗಾರರ ನಡುವೆ ಸಿಕ್ಕಿಕೊಳ್ಳುತ್ತಾನೆ. ಕವಾಗುಚಿ ಹೊರಟರು, ಚೆಂಡು ಸಿಗಲಿಲ್ಲ, ಕೇಹಿಲ್ ಗೋಲು ಹೊಡೆದರು. ಮುಂದಿನ ಎಂಟು ನಿಮಿಷದೊಳಗೆ ಇನ್ನೆರಡು ಗೋಲಾಗಿ 1–3. ಮೊದಲ ಗೋಲಿನ ಹೊಣೆ ಅವರದೇ, ಉಳಿದ ಎರಡರದು ಸುಸ್ತಾಗಿ ಹಿಂದೆ ಸರಿದ ಇಡೀ ತಂಡದ್ದು ಎಂಬುದು ನಮ್ಮ ಅಭಿಪ್ರಾಯ. ಆರೇ ದಿನದ ನಂತರ ನ್ಯೂರಂಬರ್ಗ್‌ನಲ್ಲಿ ಅವರು ಸ್ರ್ನಾ ಪೆನಾಲ್ಟಿ ತಡೆದು ಪಂದ್ಯ 0–0 ಉಳಿಸಿದರು. ಹೊರಡುವ ಧೈರ್ಯವೇ ಅವರಿಗೆ ಎರಡನ್ನೂ ಕೊಟ್ಟಿತು.

ಥ್ರೋ ಬಂದಾಗ ನೀವೇನು ಮಾಡಬೇಕು ಎಂದು ಕೇಳುವವರಿಗೆ: ತಡವಾಗಿ ಹೊರಡಿ, ಜೋರಾಗಿ ಹೊರಡಿ. ಒಂಟಿ ಕಾಲಿನಲ್ಲಿ ಜಿಗಿದು ಎದುರಾಳಿಯ ಕಡೆಯ ಮಂಡಿ ಎತ್ತಿ. ಎರಡೂ ಕೈ ತೆರವಾಗಿದ್ದರೆ ಮಾತ್ರ ಹಿಡಿಯಿರಿ, ಇಲ್ಲವಾದರೆ ಜೋಡಿ ಮುಷ್ಟಿಯಿಂದ ಎತ್ತರಕ್ಕೂ ಬದಿಗೂ ಗುದ್ದಿ. ಗೋಲಿನ ನಡುವಿಗೆ ಗುದ್ದಿದರೆ ಅದು ಎದುರಾಳಿಗೆ ಕೊಟ್ಟ ಪಾಸ್.

ಪ್ರಶ್ನೆ: ಅವರ ಜನಪ್ರಿಯತೆಗೆ ಚೆಲುವು ಕಾರಣವೋ ಆಟವೋ? ನರಜಾಕಿ ಹೆಚ್ಚು ಒಳ್ಳೆಯ ಗೋಲ್‌ಕೀಪರ್ ಎನ್ನುವವರಿದ್ದಾರೆ. (ಮೈಸೂರು)

90ರ ದಶಕದ ನಡುವೆ ಅವರ ಮುಖ ಪತ್ರಿಕೆಗಳ ಹೊದಿಕೆಯ ಮೇಲೆ ಬಂತು, ಹುಡುಗಿಯರು ಮೈದಾನಕ್ಕೆ ಬಂದರು, ನಿಜ. ಆದರೆ ಅದು ಹತ್ತು ವರ್ಷದ ಮೇಲೆ ಉಳಿಯುವುದಿಲ್ಲ. ಜಪಾನಿನಲ್ಲಿ ಒಳ್ಳೆಯ ಗೋಲ್‌ಕೀಪರನ್ನು ‘ಶುಗೋಶಿನ್’ ಎನ್ನುತ್ತಾರೆ, ಕಾಯುವ ದೇವರು ಎಂದರ್ಥ. ನಮ್ಮ ಕ್ಷೇತ್ರಪಾಲನ ಹಾಗೆ. ಕವಾಗುಚಿಗೆ ಅದರ ಹಿಂದೆ ಇನ್ನೊಂದು ಪದ ಸೇರಿಸಿ ‘ಬೆಂಕಿಯ ಕ್ಷೇತ್ರಪಾಲ’ ಎಂದು ಕರೆದರು. ಮನೆತನದ ಹೆಸರಿನಿಂದಲೇ ಎಲ್ಲರನ್ನೂ ಕರೆಯುವ ಆ ದೇಶದಲ್ಲಿ ಗ್ಯಾಲರಿ ಅವರನ್ನು ‘ಯೊಶಿಕತ್ಸು’ ಎಂದು ಮನೆಯ ಮಗನನ್ನು ಕರೆದ ಹಾಗೆ ಕೂಗುತ್ತಿತ್ತು. ಆ ಪ್ರೀತಿ ಮುಖ್ಯವಾಗಿ ಮಯಾಮಿ, ಚೊಂಗ್‌ಚಿಂಗ್, ಹನೋಯಿ ಈ ಮೂರು ಊರುಗಳಲ್ಲಿ ಸಂಪಾದಿಸಿದ್ದು.

ನರಜಾಕಿ ಬಗ್ಗೆ: ಏಳು ಸೆಂಟಿಮೀಟರ್ ಎತ್ತರ, ತಪ್ಪು ಕಡಿಮೆ, ಎತ್ತರದ ಚೆಂಡಿನಲ್ಲಿ ಹೆಚ್ಚು ಭದ್ರ. 2010ರಲ್ಲಿ ನಗೋಯಾ ಲೀಗ್ ಗೆದ್ದಾಗ ಜೆ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದ ಮೊದಲ ಗೋಲ್‌ಕೀಪರ್. ಆಗಿನ 34 ಪಂದ್ಯಗಳ ಲೀಗಿಗೆ ಒಬ್ಬರನ್ನು ಆರಿಸಿ ಎಂದರೆ ನಾವು ನರಜಾಕಿಯನ್ನು ಆರಿಸುತ್ತೇವೆ. ಶೂಟೌಟ್‌ಗೆ ಕವಾಗುಚಿ.

ಪ್ರಶ್ನೆ: ಗ್ಲೋವ್ಸ್ ಎರಡೇ ತಿಂಗಳಿಗೆ ಹಾಳಾಗುತ್ತಿವೆ. ಅಳತೆ, ಆರೈಕೆ ತಿಳಿಸಿ. (ದಾವಣಗೆರೆ)

ಹೆಬ್ಬೆರಳು ಬಿಟ್ಟು, ಗೆಣ್ಣುಗಳ ಮೇಲೆ ಅಂಗೈ ಸುತ್ತ ಟೇಪು ಹಿಡಿಯಿರಿ. ಇಂಚಿನ ಅಳತೆಯನ್ನು ಮೇಲಿನ ಪೂರ್ಣಾಂಕಕ್ಕೆ ಏರಿಸಿ ಒಂದು ಕೂಡಿಸಿ: ಏಳೂವರೆ ಇದ್ದರೆ ಎಂಟು, ಸೈಜು ಒಂಬತ್ತು. ಬೆರಳ ತುದಿಯಲ್ಲಿ ಅರ್ಧ ಸೆಂಟಿಮೀಟರ್ ಖಾಲಿ ಇರಬೇಕು. ಬಿಗಿಯಾದರೆ ಹೊಲಿಗೆ ಬಿಡುತ್ತದೆ.

ನಮ್ಮ ಕೆಮ್ಮಣ್ಣಿನ ಮೈದಾನಗಳಲ್ಲಿ ಮೆದು ಲೇಟೆಕ್ಸ್ ಬಾಳುವುದಿಲ್ಲ. ಅಭ್ಯಾಸಕ್ಕೆ ಗಟ್ಟಿ ನೆಲದ್ದು ಎಂದು ಕೇಳಿ ಕಡಿಮೆ ಬೆಲೆಯ ಒಂದು ಜೊತೆ ಕೊಳ್ಳಿ, ಮೆದುವಾದದ್ದನ್ನು ಪಂದ್ಯಕ್ಕೆ ಮಾತ್ರ ತೆಗೆಯಿರಿ. ಬಿದ್ದು ಏಳುವಾಗ ಅಂಗೈ ಊರಬೇಡಿ, ಮುಷ್ಟಿ ಊರಿ ಏಳಿ. ಅರ್ಧ ಸವೆತ ಅಲ್ಲೇ ಆಗುವುದು. ಆಟಕ್ಕೆ ಮುಂಚೆ ಅಂಗೈ ಭಾಗವನ್ನು ನೀರಿನಲ್ಲಿ ಸ್ವಲ್ಪ ಒದ್ದೆ ಮಾಡಿ, ಒಣ ಲೇಟೆಕ್ಸಿಗೆ ಹಿಡಿತವಿಲ್ಲ. ಆಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ಮಣ್ಣು ಹೋಗುವವರೆಗೆ ಒತ್ತಿ ತೊಳೆಯಿರಿ. ಹಿಂಡಬೇಡಿ, ಬಟ್ಟೆ ಸೋಪು ಬೇಡ, ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಹಪ್ಪಳದಂತೆ ಬಿರಿಯುತ್ತದೆ. ಚೀಲದಲ್ಲಿ ಅಂಗೈಗೆ ಅಂಗೈ ಅಂಟಿಸಿ ಇಟ್ಟರೆ ಬಿಡಿಸುವಾಗ ಪದರ ಕಿತ್ತು ಬರುತ್ತದೆ.

ಪ್ರಶ್ನೆ: 2010ರಲ್ಲಿ ಒಂದು ನಿಮಿಷವೂ ಆಡದವರನ್ನು ವಿಶ್ವಕಪ್‌ಗೆ ಯಾಕೆ ಕರೆದೊಯ್ದರು? ಈಚೆಗೆ ಏನು ಮಾಡುತ್ತಿದ್ದಾರೆ? (ತುಮಕೂರು)

2009ರ ಸೆಪ್ಟೆಂಬರಿನಲ್ಲಿ ಲೀಗ್ ಪಂದ್ಯವೊಂದರಲ್ಲಿ ತಮ್ಮದೇ ತಂಡದವರಿಗೆ ಡಿಕ್ಕಿ ಹೊಡೆದು ಅವರ ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು. ಚೇತರಿಸಿಕೊಳ್ಳುತ್ತಿದ್ದವರನ್ನು ಕೋಚ್ ಒಕಾದಾ ತಾಕೆಶಿ ಮೂರನೇ ಗೋಲ್‌ಕೀಪರ್ ಆಗಿ ಕರೆದು, ತಂಡದ ನಾಯಕನನ್ನಾಗಿ ಮಾಡಿದರು. ಮೈದಾನದಲ್ಲಿ ಪಟ್ಟಿ ಕಟ್ಟಿದ್ದು ಹಸೆಬೆ. ಬೆಂಚಿನಲ್ಲಿ, ಊಟದ ಮನೆಯಲ್ಲಿ, ಅಭ್ಯಾಸದಲ್ಲಿ ತಂಡ ಕಟ್ಟುವ ಕೆಲಸ ಕವಾಗುಚಿಯದು. ಆಡಿದ್ದು 27 ವರ್ಷದ ಕವಾಶಿಮಾ. ಜಪಾನ್ 16ರ ಘಟ್ಟ ತಲುಪಿ ಪರಾಗ್ವೆಗೆ ಶೂಟೌಟ್‌ನಲ್ಲಿ ಸೋತಿತು.

ನಿವೃತ್ತಿಯ ನಂತರ ಅವರು ಗೋಲ್‌ಕೀಪರ್‌ಗಳ ಕೋಚ್ ಆದರು. ಟೋಕಿಯೊ ಒಲಿಂಪಿಕ್ಸ್‌ನ ಜಪಾನ್ ತಂಡದ ಗೋಲ್‌ಕೀಪರ್‌ಗಳನ್ನು ತಯಾರು ಮಾಡಿದರು, ಆಮೇಲೆ ಜುಬಿಲೊ ಇವಾಟಾಕ್ಕೆ ಅದೇ ಕೆಲಸಕ್ಕೆ ಮರಳಿದರು. 2024ರಲ್ಲಿ ಆ ಕ್ಲಬ್ಬಿಗೆ, 40 ದಾಟಿದ ಮೇಲೆ, ಆಡಲು ಬಂದ ಗೋಲ್‌ಕೀಪರ್ ಮತ್ತಾರೂ ಅಲ್ಲ, ಕುಂದಾಪುರದ ಓದುಗರು ಕೇಳಿದ ಕವಾಶಿಮಾ.